ಪಾಯಿಂಟ್ ಟೂ ಟೂ ಗುಂಡಿಗೆ ಎಷ್ಟು ಕೊಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಗುಂಡು ಸಿಗುತ್ತಿಲ್ಲ, ಸಿಕ್ಕರೆ ಬೆಲೆ ಜಾಸ್ತಿ. ಅಮೆರಿಕದಲ್ಲಿರುವ ನಮ್ಮ ಓದುಗರಲ್ಲಿ ರೈಫಲ್ ಹಿಡಿದು ಗುರಿ ಅಭ್ಯಾಸದ ರೇಂಜಿಗೆ ಹೋಗುವವರು ಇಷ್ಟು ಜನ ಇದ್ದಾರೆ ಅಂತ ಸಂಪಾದಕರಿಗೇ ಗೊತ್ತಿರಲಿಲ್ಲವಂತೆ. ಊರಲ್ಲಿರುವ ಓದುಗರಿಗೆ ಒಂದು ಮಾತು: ಇಲ್ಲಿ ಚರ್ಚೆ ಆಗುತ್ತಿರುವುದು .22 ಲಾಂಗ್ ರೈಫಲ್ ಅನ್ನುವ ಸಣ್ಣ ತೋಟಾದ ಬಗ್ಗೆ. ಎನ್‌ಸಿಸಿಯಲ್ಲಿ ಇದ್ದವರು ಹೊಡೆದಿರುವುದು ಇದನ್ನೇ. ಕಿಡಿ ಹತ್ತಿಸುವ ಮದ್ದು ತಳದ ನಡುವೆ ಇರುವುದಿಲ್ಲ, ಅಂಚಿನ ಒಳಗೆ ಸುತ್ತಲೂ ಇರುತ್ತದೆ, ಅದಕ್ಕೇ ಇದನ್ನು ರಿಮ್‌ಫೈರ್ ಅನ್ನುತ್ತಾರೆ. ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಒದೆಯುವುದಿಲ್ಲ. ಕಲಿಯುವವರಲ್ಲಿ ಹೆಚ್ಚಿನವರು ಶುರು ಮಾಡುವುದು ಇದರಲ್ಲೇ. ಅದಕ್ಕೇ ಇದು ಸಿಗದಿದ್ದಾಗ ಇಷ್ಟು ಗಲಾಟೆ.

ಪ್ರಶ್ನೆ: ನಮಸ್ಕಾರ ಸಾರ್. ನಾವು ಟೆಕ್ಸಾಸ್‌ನಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ಮಗಳು ಫೋರ್-ಎಚ್ ಅನ್ನುವ ಮಕ್ಕಳ ಕ್ಲಬ್ಬಿನ ರೈಫಲ್ ತಂಡದಲ್ಲಿದ್ದಾಳೆ. ವಾರಕ್ಕೆ ಸುಮಾರು 100 ಗುಂಡು ಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಕಪಾಟು ಖಾಲಿ. ಗನ್ ಶೋನಲ್ಲಿ, ಅಂದರೆ ಬಂದೂಕು ಸಂತೆಯಲ್ಲಿ, ಒಬ್ಬ 500 ಗುಂಡಿನ ಬ್ರಿಕ್‌ಗೆ 75 ಡಾಲರ್ ಹೇಳಿದ. ಮೊದಲು ಅದೇ ಮಾಲನ್ನು 35ಕ್ಕೆ ತರುತ್ತಿದ್ದೆ. ಅವನ ಹತ್ತಿರ ಐದು ಬ್ರಿಕ್ ಇತ್ತು, ಎಲ್ಲಾ ತಗೊಂಡರೆ 70ರಂತೆ ಕೊಡ್ತೀನಿ ಅಂದ. ಕೊಡಬೇಕಾ, ಬಿಡಬೇಕಾ?

ಉತ್ತರ: ಒಂದು ಬ್ರಿಕ್ ತಗೊಳ್ಳಿ, ಅದೂ ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ಐದು ಬೇಡ.

ಯಾಕೆ ಅಂತ ಹೇಳುತ್ತೇನೆ. ಮೊದಲು ಡಬ್ಬದ ಲೆಕ್ಕ ಬಿಟ್ಟು ಒಂದು ಗುಂಡಿಗೆ ಎಷ್ಟು ಸೆಂಟ್ ಅಂತ ನೋಡಿ. ಕಂಪನಿಗಳು 50, 100, 325, 333, 500, 525, 550, 555 ಅಂತ ಮನಸ್ಸಿಗೆ ಬಂದ ಸಂಖ್ಯೆಯಲ್ಲಿ ಡಬ್ಬ ಕಟ್ಟುತ್ತವೆ, 1400 ಗುಂಡಿನ ಬಕೆಟ್ ಕೂಡ ಮಾರಾಟಕ್ಕೆ ಬಂದಿತ್ತು. ಡಬ್ಬದ ಬೆಲೆ ಹೋಲಿಸುತ್ತಾ ಹೋದರೆ ತಲೆ ಕೆಡುತ್ತದೆ, ಅಂಗಡಿಯವನಿಗೂ ಅದೇ ಬೇಕು. ನೀವು ಹಿಂದೆ ಕೊಡುತ್ತಿದ್ದದ್ದು 7 ಸೆಂಟ್. ಇವನು ಕೇಳುತ್ತಿರುವುದು 15. ವ್ಯತ್ಯಾಸ 8 ಸೆಂಟ್. ಮಗಳು ವಾರಕ್ಕೆ 100 ಹೊಡೆದರೆ ವಾರಕ್ಕೆ 8 ಡಾಲರ್ ಜಾಸ್ತಿ ಖರ್ಚು. ರೇಂಜಿಗೆ ಹೋಗಿ ಬರುವ ಪೆಟ್ರೋಲು, ದಾರಿಯಲ್ಲಿ ಅವಳು ಕೇಳುವ ಬರ್ಗರ್, ಇವೆರಡೇ ಅದಕ್ಕಿಂತ ಜಾಸ್ತಿ ಆಗುತ್ತವೆ, ಅಲ್ವಾ? ಒಂದು ಬ್ರಿಕ್ ಐದು ವಾರ ಬರುತ್ತದೆ. ಐದು ವಾರದ ಅಭ್ಯಾಸ ತಪ್ಪುವುದಕ್ಕಿಂತ 40 ಡಾಲರ್ ಹೋಗಲಿ ಬಿಡಿ. ಆದರೆ ಐದು ಬ್ರಿಕ್ ಅಂದರೆ 350 ಡಾಲರ್, ಆರು ತಿಂಗಳ ಗುಂಡು. ಆರು ತಿಂಗಳು ಹೀಗೇ ಇರುತ್ತದೆ ಅಂತ ನಿಮಗೆ ಹೇಳಿದವರು ಯಾರು? ಆ ಮಾರುವವನೇ ತಾನೇ?

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಹೊಳೆಯುವುದಿಲ್ಲ. 15 ಸೆಂಟ್ ಅನ್ನುವುದು ಎಲ್ಲಾ ಗುಂಡಿಗೂ ದುಬಾರಿ ಅಲ್ಲ. ಜರ್ಮನಿಯ ಎಸ್‌ಕೆ ಕಂಪನಿಯ ಟಾರ್ಗೆಟ್ ಗುಂಡು ಮಾಮೂಲಿ ದಿನಗಳಲ್ಲೇ ಹೆಚ್ಚುಕಮ್ಮಿ ಆ ಬೆಲೆಯಲ್ಲಿ ಇರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗುವ ಈಲಿಯ ಮೇಲ್ದರ್ಜೆ ಗುಂಡು ಅದರ ಎರಡು ಮೂರು ಪಟ್ಟು. ಅಭಾವ ಬಂದಾಗ ಜನ ಮುಗಿಬೀಳುವುದು ಅಗ್ಗದ ದೊಡ್ಡ ಡಬ್ಬಗಳ ಮೇಲೆ. 50ರ ಪುಟ್ಟ ಟಾರ್ಗೆಟ್ ಡಬ್ಬಗಳು ಅದೇ ಅಂಗಡಿಯ ಗಾಜಿನ ಕಪಾಟಿನಲ್ಲಿ ಹಳೆಯ ಬೆಲೆಗೇ ಕೂತಿರುವುದನ್ನು ಹಲವು ಸಲ ನೋಡಿದ್ದೇನೆ, ಯಾರೂ ಅತ್ತ ತಿರುಗಿಯೂ ನೋಡಿರುವುದಿಲ್ಲ. ನಿಮ್ಮ ಮಗಳು ಗುರಿ ಸ್ಪರ್ಧೆಗೆ ಹೊಡೆಯುವವಳು. ಅಗ್ಗದ ಮಾಲಿಗೆ 15 ಸೆಂಟ್ ಕೊಡುವ ಬದಲು ಅದೇ ದುಡ್ಡಿಗೆ ಒಳ್ಳೆಯ ಮಾಲು ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಗುರಿ ಹಾಳೆಯ ಮೇಲೆ ತೂತುಗಳು ಹತ್ತಿರ ಹತ್ತಿರ ಬೀಳುವುದು ನೋಡಿ ಅವಳಿಗೂ ಖುಷಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದರೆ ಇದು ಮೊದಲ ಸಲ ಅಲ್ಲ. 2012ರಲ್ಲಿ 550 ಗುಂಡಿನ ಡಬ್ಬ ವಾಲ್‌ಮಾರ್ಟ್‌ನಲ್ಲಿ 20 ಡಾಲರ್ ಆಸುಪಾಸು ಸಿಗುತ್ತಿತ್ತು. ಗುಂಡಿಗೆ 4 ಸೆಂಟ್ ಕೂಡ ಬೀಳುತ್ತಿರಲಿಲ್ಲ. ಆ ವರ್ಷ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಆ ಘೋರ ಹತ್ಯಾಕಾಂಡ ನಡೆಯಿತು. ಬಂದೂಕಿನ ಕಾನೂನು ಬಿಗಿ ಮಾಡುತ್ತಾರೆ ಅನ್ನುವ ಮಾತು ಎದ್ದಿತು, ಜನ ಅಂಗಡಿಗಳಿಗೆ ನುಗ್ಗಿದರು. ಕಾನೂನು ಮಾಡುವವರ ಕಣ್ಣು .22ರ ಮೇಲೆ ಇರಲಿಲ್ಲ, ಆದರೂ ಬೇಗ ಮಾಯವಾದದ್ದೂ ಅದೇ, ಕೊನೆಗೆ ವಾಪಸ್ ಬಂದದ್ದೂ ಅದೇ. ವಾಲ್‌ಮಾರ್ಟ್ 2013ರ ಜನವರಿಯಲ್ಲಿ ಒಬ್ಬರಿಗೆ ದಿನಕ್ಕೆ ಮೂರೇ ಡಬ್ಬ ಅಂತ ಮಿತಿ ಹಾಕಿತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು. 20 ಡಾಲರಿನ ಡಬ್ಬ ಗನ್ ಶೋಗಳಲ್ಲಿ 50, 60, ಕೆಲವು ಕಡೆ 80ಕ್ಕೂ ಹೋಯಿತು. ಪೂರ್ತಿ ಸರಿಹೋಗಲು ವರ್ಷಗಳೇ ಬೇಕಾದವು. ಆದರೆ ಸರಿಹೋಯಿತು. 2018-19ರ ಹೊತ್ತಿಗೆ ಮತ್ತೆ 4 ಸೆಂಟ್ ಆಸುಪಾಸಿಗೆ ಇಳಿದಿತ್ತು, 12 ಸೆಂಟ್ ಕೊಟ್ಟು ಪೇರಿಸಿಟ್ಟವರು ಆಗಲೂ ಅದೇ ಹಳೆಯ ರಾಶಿಯನ್ನು ಹೊಡೆದು ಮುಗಿಸುತ್ತಿದ್ದರು. ಆಮೇಲೆ 2020 ಬಂತು. ಕೊರೊನಾ, ಬೀದಿ ಗಲಭೆ, ಚುನಾವಣೆ ಎಲ್ಲಾ ಒಟ್ಟಿಗೆ. ಬಂದೂಕು ಕೊಳ್ಳುವವರ ಬಗ್ಗೆ ಆ ಒಂದು ವರ್ಷದಲ್ಲಿ ಎಫ್‌ಬಿಐ ವ್ಯವಸ್ಥೆಯಲ್ಲಿ ನಡೆದ ಹಿನ್ನೆಲೆ ತಪಾಸಣೆಗಳು ಸುಮಾರು 3 ಕೋಟಿ 97 ಲಕ್ಷ. ಹೊಸದಾಗಿ ಬಂದೂಕು ತಗೊಂಡ ಪ್ರತಿಯೊಬ್ಬರಿಗೂ ಒಂದೆರಡು ಡಬ್ಬ ಗುಂಡು ಬೇಕಲ್ಲ. ಬೆಲೆ ಮತ್ತೆ 10-15 ಸೆಂಟ್ ಮುಟ್ಟಿತು.

2023ರ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಏನಾಯಿತು ನೆನಪಿದೆಯಲ್ಲ? ಸೋನಾ ಮಸೂರಿ ಚೀಲಕ್ಕೆ ಸಾಲು, ಮನೆಗೊಂದೇ ಚೀಲ ಅನ್ನುವ ಬೋರ್ಡು, ಟ್ರಾಲಿ ತುಂಬಾ ಅಕ್ಕಿ ಪೇರಿಸಿಕೊಂಡು ಹೋಗುವವರ ವಿಡಿಯೋ. ದೇಶದಲ್ಲಿ ಅಕ್ಕಿ ಮುಗಿದಿರಲಿಲ್ಲ. ಮುಗಿಯುತ್ತದೆ ಅಂತ ಎಲ್ಲರೂ ಒಂದೇ ವಾರ ಅಂದುಕೊಂಡರು, ಅಷ್ಟೆ. ಗುಂಡಿನದ್ದೂ ಅದೇ ಕಥೆ, ಆದರೆ ಇದು ನಿಧಾನಕ್ಕೆ ಇಳಿಯುತ್ತದೆ.

ಹಾಗಾದರೆ ಮಿತಿ ಎಷ್ಟು? ನನ್ನದು ಹೀಗಿದೆ. ಅದೇ ಮಾಲಿನ ಮಾಮೂಲಿ ಬೆಲೆಯ ಒಂದೂವರೆ ಪಟ್ಟಿನವರೆಗೆ ಕೊಟ್ಟು ಒಂದೆರಡು ತಿಂಗಳಿಗೆ ಬೇಕಾದಷ್ಟು ತರಬಹುದು. ಎರಡು ಪಟ್ಟು ಅಂದರೆ ಈ ತಿಂಗಳಿಗೆ ಬೇಕಾದಷ್ಟೇ. ಅದರ ಮೇಲೆ ಹೋದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ನಿಮ್ಮ 15 ಸೆಂಟ್ ಎರಡು ಪಟ್ಟಿಗಿಂತ ಕೂದಲೆಳೆಯಷ್ಟು ಮೇಲಿದೆ, ಮಗಳ ಅಭ್ಯಾಸ ಅಂತ ಒಂದು ಬ್ರಿಕ್‌ಗೆ ರಿಯಾಯಿತಿ. ಚೌಕಾಸಿ ಮಾಡಿ, 65ಕ್ಕೆ ಕೇಳಿ. ಗನ್ ಶೋ ಮುಗಿಯುವ ದಿನ ಮಧ್ಯಾಹ್ನದ ಮೇಲೆ ಹೋದರೆ ವಾಪಸ್ ಹೊತ್ತುಕೊಂಡು ಹೋಗಲು ಯಾರಿಗೂ ಮನಸ್ಸಿರುವುದಿಲ್ಲ.

ದುಡ್ಡು ಕೊಡುವ ಮೊದಲು ಡಬ್ಬ ತೆಗೆದು ನೋಡಿ. ಕಂಪನಿಯ ಸೀಲ್ ಇರಲಿ. ಬಿಡಿ ಗುಂಡು ಚೀಲದಲ್ಲಿ ಹಾಕಿ ಮಾರುವುದು ಬೇಡವೇ ಬೇಡ, ಯಾವ ಕಾಲದ್ದು, ಯಾವ ಶೆಡ್ಡಿನಲ್ಲಿತ್ತು ಅಂತ ದೇವರಿಗೇ ಗೊತ್ತು. ಹಿತ್ತಾಳೆಗೆ ಹಸಿರು ಕಟ್ಟಿದ್ದರೆ ಮುಟ್ಟಬೇಡಿ. ಆನ್‌ಲೈನ್‌ನಲ್ಲಿ ನೋಡುವುದಾದರೆ ಸಾಗಾಟದ ಖರ್ಚು ಸೇರಿಸಿ ಲೆಕ್ಕ ಹಾಕಿ. ಸರ್ಕಾರಿ ಅಂಚೆಯಲ್ಲಿ ಗುಂಡು ಕಳಿಸುವ ಹಾಗಿಲ್ಲ, ಖಾಸಗಿ ಕೊರಿಯರ್‌ನವರು ರಸ್ತೆ ಮೂಲಕ ತರುತ್ತಾರೆ. 8 ಸೆಂಟಿನ 500 ಗುಂಡು 40 ಡಾಲರ್ ಅಂತ ತೋರಿಸಿ 15 ಡಾಲರ್ ಸಾಗಾಟ ಹಾಕಿದರೆ ನಿಜವಾದ ಬೆಲೆ 11 ಸೆಂಟ್. ಆದರೂ ಗನ್ ಶೋದವನಿಗಿಂತ ಮೇಲು. ನಾಲ್ಕು ಮನೆಯವರು ಸೇರಿ ಒಟ್ಟಿಗೆ ತರಿಸಿದರೆ ಇನ್ನೂ ಇಳಿಯುತ್ತದೆ. ಮಗಳ ಕೋಚ್‌ಗೆ ಒಂದು ಮಾತು ಕೇಳಿ, ಕ್ಲಬ್ಬಿನವರ ಹತ್ತಿರ ಮಕ್ಕಳಿಗೆ ಅಂತ ತೆಗೆದಿಟ್ಟದ್ದು ಎಷ್ಟೋ ಸಲ ಇರುತ್ತದೆ.

ಅಂಗಡಿಯವರ ಬಗ್ಗೆಯೂ ಒಂದು ಮಾತು. ಊರಿನ ಸಣ್ಣ ಅಂಗಡಿಯವನು ಬೆಲೆ ಏರಿಸಿದ ಅಂತ ಬೈಯಬೇಡಿ. ಅವನಿಗೆ ಮುಂದಿನ ಲೋಡು ಬರುವುದೇ ಜಾಸ್ತಿ ಬೆಲೆಗೆ, ಬಂದರೆ ಬಂತು. ನನಗೆ ಸಿಟ್ಟು ಬರುವುದು ದೊಡ್ಡ ಅಂಗಡಿಯ ಕಪಾಟನ್ನು ಬೆಳಿಗ್ಗೆ ಖಾಲಿ ಮಾಡಿ ಮಧ್ಯಾಹ್ನ ಟೇಬಲ್ ಹಾಕಿ ಮಾರುವವರ ಮೇಲೆ. ಅವರ ಹತ್ತಿರ ತಗೊಳ್ಳುವುದು ಕೊನೆಯ ದಾರಿ ಆಗಿರಲಿ.

ಪ್ರಶ್ನೆ: ಇಷ್ಟು ಬೇಡಿಕೆ ಇದ್ದರೆ ಕಾರ್ಖಾನೆಯವರು ಜಾಸ್ತಿ ಯಾಕೆ ತಯಾರಿಸುವುದಿಲ್ಲ? ಸರ್ಕಾರವೇ ಎಲ್ಲವನ್ನೂ ಖರೀದಿಸಿ ಬಚ್ಚಿಡುತ್ತದೆ ಅಂತ ನಮ್ಮ ರೇಂಜಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ? (ಓಹಾಯೋ)

ಉತ್ತರ: ಬಚ್ಚಿಡುವ ಕಥೆ 2012-13ರಿಂದ ಓಡುತ್ತಿದೆ. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಕೋಟಿಗಟ್ಟಲೆ ಗುಂಡು ಖರೀದಿಸಿ ಮಾರುಕಟ್ಟೆ ಖಾಲಿ ಮಾಡುತ್ತಿದೆ ಅಂತ ಸುದ್ದಿ. ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ ಇದನ್ನು ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟಿತು, ಅಂಥ ಅಸಹಜ ಖರೀದಿ ಅದರಲ್ಲಿ ಕಾಣಲಿಲ್ಲ. ಅಷ್ಟಕ್ಕೂ ಅವರ ಅಧಿಕಾರಿಗಳು ಸೊಂಟದಲ್ಲಿ ಇಟ್ಟುಕೊಳ್ಳುವುದು .22 ಅಲ್ಲವಲ್ಲ.

ನಿಜವಾದ ಕಾರಣ ಅಷ್ಟು ರೋಚಕ ಅಲ್ಲ. ರಿಮ್‌ಫೈರ್ ತಯಾರಿಸುವ ಯಂತ್ರಗಳೇ ಬೇರೆ. ತೆಳು ಹಿತ್ತಾಳೆಯ ಚಿಪ್ಪಿನೊಳಗೆ ಒದ್ದೆ ಮದ್ದನ್ನು ಹಾಕಿ, ಗರಗರ ತಿರುಗಿಸಿ ಅಂಚಿನ ಮಡಿಕೆಗೆ ತುಂಬಿಸಿ, ಒಣಗಿಸಬೇಕು. ಆ ಮದ್ದು ಒಣಗಿದ ಮೇಲೆ ಸಣ್ಣ ಪೆಟ್ಟಿಗೂ ಸಿಡಿಯುವಂಥದ್ದು, ಅದಕ್ಕೆ ಪಳಗಿದ ಕೈ ಬೇಕು. 9 ಎಂಎಂ ತಯಾರಿಸುವ ಸಾಲನ್ನು ರಾತ್ರೋರಾತ್ರಿ ಇದಕ್ಕೆ ತಿರುಗಿಸಲು ಆಗುವುದಿಲ್ಲ. ಹೊಸ ಸಾಲು ಹಾಕಲು ದುಡ್ಡೂ ಕಾಲವೂ ಬೇಕು, ಒಂದು ಗುಂಡಿಗೆ ಸಿಗುವ ಲಾಭವೋ ಸೆಂಟಿನ ಚೂರು. ಯಂತ್ರ ಕೂರಿಸುವಷ್ಟರಲ್ಲಿ ಜನರ ಭಯ ಇಳಿದುಹೋದರೆ? ಅದನ್ನು ಕಂಪನಿಗಳು ಕಣ್ಣಾರೆ ನೋಡಿವೆ. 2016ರ ಚುನಾವಣೆಯಲ್ಲಿ ಟ್ರಂಪ್ ಗೆದ್ದ ಮೇಲೆ ಕಾನೂನು ಬಿಗಿಯಾಗುವ ಭಯ ಇಳಿಯಿತು, ಬೇಡಿಕೆ ಬಿದ್ದೇಹೋಯಿತು. ರೆಮಿಂಗ್ಟನ್‌ನಂಥ ಹಳೆಯ ಕಂಪನಿ 2018ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ದಿವಾಳಿ ಅರ್ಜಿ ಹಾಕಿತು. ತಮಾಷೆ ನೋಡಿ, ಎರಡನೇ ಸಲ ಅರ್ಜಿ ಹಾಕಿದ್ದು ಗುಂಡಿಗೆ ದೇಶವೆಲ್ಲ ಹಾಹಾಕಾರ ಇದ್ದಾಗಲೇ. ಅರ್ಕಾನ್ಸಾದ ಲೋನೋಕ್‌ನಲ್ಲಿರುವ ಅದರ ಗುಂಡಿನ ಕಾರ್ಖಾನೆಯನ್ನು ವಿಸ್ಟಾ ಕಂಪನಿ ಸುಮಾರು 8 ಕೋಟಿ 14 ಲಕ್ಷ ಡಾಲರಿಗೆ ಕೊಂಡು ಮತ್ತೆ ಓಡಿಸಬೇಕಾಯಿತು.

ಇನ್ನೊಂದು ತೊಂದರೆ, ದೊಡ್ಡ ತೋಟಾಗಳ ಖಾಲಿ ಚಿಪ್ಪನ್ನು ಮನೆಯಲ್ಲೇ ಮತ್ತೆ ತುಂಬಿಸಿಕೊಳ್ಳುವವರು ಇಲ್ಲಿ ಲಕ್ಷಾಂತರ ಇದ್ದಾರೆ. ರಿಮ್‌ಫೈರ್‌ನಲ್ಲಿ ಅಂಚು ಒಮ್ಮೆ ಜಜ್ಜಿದರೆ ಮುಗಿಯಿತು, ಚಿಪ್ಪು ಕಸ. ಹಾಗಾಗಿ ಎಲ್ಲರೂ ಅಂಗಡಿಗೇ ಬರಬೇಕು.

ಪ್ರಶ್ನೆ: ನಾನು ಎಚ್-1ಬಿ ಮೇಲೆ ನ್ಯೂಜೆರ್ಸಿಗೆ ಬಂದು ಸ್ವಲ್ಪ ಸಮಯ ಆಗಿದೆ. ಆಫೀಸಿನ ಗೆಳೆಯರು ಸೇರಿ 5000 ಗುಂಡು ತರಿಸುತ್ತಿದ್ದಾರೆ, ಅಗ್ಗಕ್ಕೆ ಬೀಳುತ್ತದೆ, ನೀನೂ ಪಾಲು ಹಾಕು ಅನ್ನುತ್ತಿದ್ದಾರೆ. ನನ್ನ ಹತ್ತಿರ ಬಂದೂಕು ಇಲ್ಲ, ಮುಂದೆ ತಗೊಂಡಾಗ ಬೇಕಾಗುತ್ತದೆ ಅಂತ. ಸೇರಬಹುದಾ?

ಉತ್ತರ: ಬೇಡ ತಮ್ಮಾ. ಇದರಲ್ಲಿ ಬೆಲೆಯ ಮಾತೇ ಬರುವುದಿಲ್ಲ.

ಎಚ್-1ಬಿ, ಎಚ್-4, ಎಫ್-1 ಇವೆಲ್ಲ ವಲಸೆಯೇತರ ವೀಸಾಗಳು. ಇವುಗಳ ಮೇಲೆ ಬಂದವರು ಬಂದೂಕು ಮಾತ್ರ ಅಲ್ಲ, ಒಂದೇ ಒಂದು ಗುಂಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ ಅನ್ನುತ್ತದೆ ಕೇಂದ್ರದ ಕಾನೂನು. ಕೆಲವೇ ವಿನಾಯಿತಿಗಳಿವೆ. ಸಾಮಾನ್ಯವಾಗಿ ಜನ ಬಳಸುವುದು ಬೇಟೆಯ ಲೈಸೆನ್ಸ್: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಆ ನಿಷೇಧ ಅನ್ವಯಿಸುವುದಿಲ್ಲ. ಆದರೆ ಅದರ ಮೇಲೆ ನಿಮ್ಮ ರಾಜ್ಯದ ಕಾನೂನು ಬೇರೆ ಇದೆ, ನ್ಯೂಜೆರ್ಸಿ ತುಂಬಾ ಬಿಗಿ ರಾಜ್ಯಗಳಲ್ಲಿ ಒಂದು. ಆ ಬೇಟೆ ಲೈಸೆನ್ಸ್ ಇಲ್ಲದೆ ಗುಂಡಿನ ಡಬ್ಬ ಮನೆಯಲ್ಲಿ ಸಿಕ್ಕಿದರೆ ಕೇಂದ್ರದ ಕಾನೂನಿನಲ್ಲಿ 15 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ, ವೀಸಾ, ಗ್ರೀನ್ ಕಾರ್ಡಿನ ಕನಸು ಎರಡೂ ಹೋದಂತೆ. 30 ಡಾಲರ್ ಉಳಿಸಲು ಇಷ್ಟೆಲ್ಲಾ ಯಾಕೆ? ಆಸೆ ಇದ್ದರೆ ಮೊದಲು ವಕೀಲರ ಹತ್ತಿರ ಕೂತು ಮಾತಾಡಿ. ರೇಂಜಿನಲ್ಲಿ ಬಾಡಿಗೆ ಬಂದೂಕು ಹಿಡಿಯುವುದಕ್ಕೂ ಇದೇ ಪ್ರಶ್ನೆ ಬರುತ್ತದೆ, ಆಫೀಸಿನ ಗೆಳೆಯರಿಗೆ ಇದು ಗೊತ್ತಿರುವುದಿಲ್ಲ. ಅವರು ಇಲ್ಲೇ ಹುಟ್ಟಿದವರು.

ಕ್ಯಾಲಿಫೋರ್ನಿಯಾದ ಓದುಗರೂ ಇದೇ ಜಾಗದಲ್ಲಿ ಒಂದು ವಿಷಯ ಗಮನಿಸಿ. 2024ರ ಜುಲೈಯಿಂದ ನಿಮ್ಮ ರಾಜ್ಯ ಬಂದೂಕು, ಗುಂಡುಗಳ ಮೇಲೆ ಶೇ 11 ತೆರಿಗೆ ಹಾಕಿದೆ. ಕೇಂದ್ರದ ಹಳೆಯ ಶೇ 11 ತೆರಿಗೆ ಕಾರ್ಖಾನೆಯ ಬೆಲೆಯಲ್ಲೇ ಸೇರಿರುತ್ತದೆ, ಇದು ಅದರ ಮೇಲೆ. ಟೆಕ್ಸಾಸ್‌ನ ಗೆಳೆಯರು ಹೇಳುವ ಸೆಂಟಿಗೂ ನಿಮ್ಮ ಸೆಂಟಿಗೂ ತಾಳೆ ಹಾಕಿ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾವು ಕೊಡಗಿನವರು, ವಿರಾಜಪೇಟೆ ಹತ್ತಿರ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ .22 ವಿಭಾಗಕ್ಕೆ ಪ್ರತಿ ವರ್ಷ ಹೋಗುತ್ತೇನೆ. ನಮ್ಮಲ್ಲಿ ತೋಟೆಗೆ ಬೆಲೆ ಜಾಸ್ತಿ, ಸಿಗುವುದೂ ಕಷ್ಟ. ಬಾವ ಅಮೆರಿಕದಲ್ಲಿದ್ದಾರೆ, ಅಲ್ಲಿ ಆರೇಳು ರೂಪಾಯಿಗೆ ಒಂದು ಸಿಗುತ್ತದಂತೆ. ಮುಂದಿನ ಸಲ ಬರುವಾಗ ಎರಡು ಡಬ್ಬ ಸೂಟ್‌ಕೇಸಿನಲ್ಲಿ ತರಲು ಹೇಳಲಾ? ನಮಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ.

ಉತ್ತರ: ದಯವಿಟ್ಟು ಹೇಳಬೇಡಿ. ಬಾವನನ್ನು ಕರೆತರಲು ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋದವರು ಅವರನ್ನು ಪೊಲೀಸ್ ಠಾಣೆಯಲ್ಲಿ ನೋಡಬೇಕಾಗುತ್ತದೆ. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಜೀವಂತ ಗುಂಡಿಗೆ ಆರ್ಮ್ಸ್ ಆಕ್ಟ್ ಕೆಳಗೆ ಕೇಸು ಹಾಕಿಸಿಕೊಂಡು, ಅದು ಗೊತ್ತಿಲ್ಲದೆ ಉಳಿದದ್ದು ಅಂತ ಸಾಬೀತು ಮಾಡಲು ಹೈಕೋರ್ಟ್‌ವರೆಗೆ ಅಲೆದವರಿದ್ದಾರೆ. ಎರಡು ಡಬ್ಬ ತಂದವರು ಗೊತ್ತಿರಲಿಲ್ಲ ಅಂತ ಹೇಳಲು ಆಗುತ್ತದಾ?

ನಿಮಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸಿನದ್ದು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ವಿದೇಶದಿಂದ ಗುಂಡು ತರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಮೆರಿಕದ ಕಡೆಯಿಂದಲೂ ರಫ್ತು ನಿಯಮಗಳಿವೆ. ಬಾವ ಇನ್ನೂ ವೀಸಾ ಮೇಲಿದ್ದರೆ ಮೇಲಿನ ಉತ್ತರ ಅವರಿಗೂ ಸೇರಿಸಿ ಓದಿಸಿ. ಅಂಗೀಕೃತ ಅಂಗಡಿಯಿಂದ, ನಿಮ್ಮ ದಾಖಲೆ ತೋರಿಸಿ, ರಸೀದಿ ಸಮೇತ ತಗೊಳ್ಳಿ. ಬೆಲೆ ಜಾಸ್ತಿ ಅನ್ನುವುದು ನಿಜ, ಅದಕ್ಕೆ ಅಭ್ಯಾಸವನ್ನೆಲ್ಲ ಏರ್‌ಗನ್ನಿನಲ್ಲಿ ಮಾಡಿ, ತೋಟೆಯನ್ನು ಸ್ಪರ್ಧೆಯ ಹಿಂದಿನ ವಾರಕ್ಕೆ ಉಳಿಸಿಕೊಳ್ಳಿ. ಕಾಯಿಗೆ ಹೊಡೆಯಲು ಬೇಕಾದದ್ದು ಉಸಿರು ಹಿಡಿತ, ಟ್ರಿಗರ್ ಎಳೆಯುವ ಬೆರಳಿನ ಹದ. ಅದು ಏರ್‌ಗನ್ನಿನಲ್ಲೂ ಬರುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ಎರಡು ವರ್ಷದಿಂದ ಗ್ಯಾರೇಜಿನಲ್ಲಿ ಗುಂಡಿನ ಡಬ್ಬ ಪೇರಿಸುತ್ತಿದ್ದಾರೆ. ಹತ್ತು ಸಾವಿರ ಇದೆಯಂತೆ. ರೇಂಜಿಗೆ ಹೋಗುವುದು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ. ಕೇಳಿದರೆ "ಮುಂದೆ ಸಿಗಲ್ಲ ಕಣೇ" ಅಂತಾರೆ. ಮನೆಯಲ್ಲಿ ಪುಟ್ಟ ಮಗು ಇದೆ. ಅಪಾಯವಾ? ಎಷ್ಟು ದಿನ ಕೆಡದೆ ಇರುತ್ತದೆ? (ಆರಿಜೋನಾ)

ಉತ್ತರ: ವರ್ಷಕ್ಕೆ ಎರಡು ಸಲ, ಸಲಕ್ಕೆ 100 ಅಂತ ಹಿಡಿದರೆ ಹತ್ತು ಸಾವಿರ ಮುಗಿಯಲು 50 ವರ್ಷ ಬೇಕು. ಈ ಲೆಕ್ಕವನ್ನು ಫ್ರಿಜ್ ಮೇಲೆ ಅಂಟಿಸಿ.

ಕೆಡುವ ಭಯ ಇಲ್ಲ. ತಂಪಾಗಿ, ಒಣಗಿದ ಜಾಗದಲ್ಲಿದ್ದರೆ ಗುಂಡು ದಶಕಗಟ್ಟಲೆ ಬಾಳುತ್ತದೆ. ಆರಿಜೋನಾದ ಗ್ಯಾರೇಜು ಮಾತ್ರ ತಂಪು ಜಾಗ ಅಲ್ಲ, ಬೇಸಿಗೆಯಲ್ಲಿ ಒಳಗೆ ಕಾಲಿಡಲು ಆಗುವುದಿಲ್ಲ. ಗುಂಡಿನ ಮೇಲೆ ಸವರಿರುವ ಮೇಣ ಕರಗಿ ಇಳಿಯುತ್ತದೆ. ರಬ್ಬರ್ ಬಿಗಿಯಿರುವ ಕಬ್ಬಿಣದ ಡಬ್ಬಿಯಲ್ಲಿ ಹಾಕಿ ಮನೆಯೊಳಗಿನ ಕ್ಲಾಸೆಟ್‌ನಲ್ಲಿ ಬೀಗ ಹಾಕಿ ಇಡಲಿ. ಬಂದೂಕು ಬೇರೆ ಜಾಗ, ಗುಂಡು ಬೇರೆ ಜಾಗ, ಎರಡು ಬೀಗ, ಬೀಗದ ಕೈ ಮಗುವಿಗೆ ಸಿಗದ ಕಡೆ. ಇದರಲ್ಲಿ ರಾಜಿ ಬೇಡ. ಬೆಂಕಿ ಬಿದ್ದರೆ ಬಿಡಿ ಗುಂಡುಗಳು ಪಟಪಟ ಸಿಡಿಯುತ್ತವೆ, ಆದರೆ ನಳಿಗೆಯಿಂದ ಹಾರಿದ ಹಾಗೆ ವೇಗವಾಗಿ ಹೋಗುವುದಿಲ್ಲ.

ನನಗೆ ಅದಕ್ಕಿಂತ ಚಿಂತೆ ಸೀಸದ್ದು. ರಿಮ್‌ಫೈರ್‌ನ ಅಂಚಿನ ಮದ್ದಿನಲ್ಲೂ ಸೀಸ ಇರುತ್ತದೆ, ಗುಂಡೂ ಬಹುತೇಕ ಬರೀ ಸೀಸವೇ. ರೇಂಜಿನಿಂದ ಬಂದವರು ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆದು, ಬಟ್ಟೆ ಬದಲಿಸಿ ಆಮೇಲೆ ಮಗು ಎತ್ತಿಕೊಳ್ಳಲಿ. ಡಬ್ಬ ತೆಗೆದು ಎಣಿಸುವ ಚಟ ಇದ್ದರೆ ಅದು ಊಟದ ಟೇಬಲ್ ಮೇಲೆ ಬೇಡ.

ಪ್ರಶ್ನೆ: ಈಗ ತೆಗೆದಿಟ್ಟು ಮುಂದಿನ ಅಭಾವದಲ್ಲಿ ಮಾರಿದರೆ ಲಾಭ ಅಲ್ವಾ?

ಉತ್ತರ: ಸಾವಿರ ಗುಂಡು 70 ಡಾಲರಿಗೆ ತಂದು ವರ್ಷಗಟ್ಟಲೆ ಕಾದು 120ಕ್ಕೆ ಮಾರಿದರೆ 50 ಡಾಲರ್ ಲಾಭ, ಅದಕ್ಕೆ ಗನ್ ಶೋ ಟೇಬಲ್ ಬಾಡಿಗೆ ಕಳೆಯಿರಿ. ಕೊಳ್ಳುವವನು ಯಾರು, ಅವನಿಗೆ ಗುಂಡು ಇಟ್ಟುಕೊಳ್ಳುವ ಹಕ್ಕಿದೆಯಾ ಅನ್ನುವ ತಲೆನೋವು ಬೇರೆ. ಆ ದುಡ್ಡನ್ನು ಬ್ಯಾಂಕಿನಲ್ಲಿ ಇಡಿ.

ಪ್ರಶ್ನೆ: ಗುಂಡು ಸಿಗುವವರೆಗೆ ಸುಮ್ನೆ ಖಾಲಿ ರೈಫಲ್‌ನ ಟ್ರಿಗರ್ ಎಳೆದು ಅಭ್ಯಾಸ ಮಾಡಬಹುದಾ?

ಉತ್ತರ: ರೈಫಲ್ ಯಾವುದು ಅನ್ನುವುದರ ಮೇಲಿದೆ. ರಿಮ್‌ಫೈರ್‌ನಲ್ಲಿ ಪಿನ್ನು ಹೊಡೆಯುವುದು ಅಂಚಿಗೆ. ಒಳಗೆ ಚಿಪ್ಪು ಇಲ್ಲದಿದ್ದರೆ ಕೆಲವು ಬಂದೂಕುಗಳಲ್ಲಿ ಅದು ನೇರ ನಳಿಗೆಯ ಹಿಂಬದಿಯ ಅಂಚಿಗೇ ಬಡಿದು ಅಲ್ಲಿ ಗುಳಿ ಬೀಳುತ್ತದೆ. ರೂಗರ್ ಕಂಪನಿಯ 10/22 ರೈಫಲ್‌ಗೆ ತೊಂದರೆ ಇಲ್ಲ ಅಂತ ಕಂಪನಿಯೇ ಕೈಪಿಡಿಯಲ್ಲಿ ಹೇಳಿದೆ. ನಿಮ್ಮದರ ಕೈಪಿಡಿ ನೋಡಿ. ಅನುಮಾನ ಇದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಗೆ ಸ್ಕ್ರೂ ಹಾಕಲು ಸಿಗುವ ಹಳದಿ ಪ್ಲಾಸ್ಟಿಕ್ ಆ್ಯಂಕರ್ ತಗೊಳ್ಳಿ. ಅದರ ಒಂದು ಅಳತೆ .22 ರೈಫಲ್‌ನಲ್ಲಿ ಗುಂಡು ಕೂರುವ ಕೋಣೆಯಲ್ಲಿ ಸರಿಯಾಗಿ ಕೂರುತ್ತದೆ, ಇಲ್ಲಿನ ಹಳೆಯ ಶೂಟರ್‌ಗಳ ಉಪಾಯ ಅದು. ನೂರು ಆ್ಯಂಕರಿಗೆ ಕೆಲವೇ ಡಾಲರ್. ಶುರು ಮಾಡುವ ಮೊದಲು ರೈಫಲ್‌ನ ಆ ಕೋಣೆ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಗುಂಡಿನ ಡಬ್ಬ ಆ ರೂಮಿನಲ್ಲೇ ಇರುವುದು ಬೇಡ.

ಪ್ರಶ್ನೆ: ಅಭಾವದಲ್ಲಿ ಸಿಕ್ಕ ಯಾವುದೋ ಡಬ್ಬ ಗುಂಡಿಗೆ 12 ಸೆಂಟ್‌ನಂತೆ ತಂದೆ. ಹತ್ತಕ್ಕೆ ಒಂದು ಹಾರುತ್ತಿಲ್ಲ. ದುಡ್ಡು ವಾಪಸ್ ಬರುತ್ತದಾ?

ಉತ್ತರ: ಹಾಗಾದರೆ ನೀವು ಕೊಟ್ಟದ್ದು 12 ಸೆಂಟ್ ಅಲ್ಲ, 13ಕ್ಕೂ ಮೇಲೆ. ಟ್ರಿಗರ್ ಎಳೆದರೂ ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರುವುದೂ ಉಂಟು. ಆಮೇಲೆ ತೆಗೆದು, ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಹಾಕಿದರೆ ಪಿನ್ನು ಅಂಚಿನ ಬೇರೆ ಜಾಗಕ್ಕೆ ಬಡಿಯುತ್ತದೆ, ಎಷ್ಟೋ ಸಲ ಹಾರುತ್ತದೆ. ಅದಕ್ಕೂ ಮೊದಲು ನಿಮ್ಮ ಬಂದೂಕನ್ನೇ ಶುಚಿ ಮಾಡಿ ನೋಡಿ, ಮಸಿ ಕಟ್ಟಿದ ಕೋಣೆಯಿಂದಲೂ ಹೀಗಾಗುತ್ತದೆ. ಸದ್ದು ಮಾಮೂಲಿಗಿಂತ ಕ್ಷೀಣವಾಗಿ "ಟಪ್" ಅಂದರೆ ಮಾತ್ರ ಮುಂದಿನ ಗುಂಡು ಹಾಕಬೇಡಿ, ಮೊದಲನೆಯದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು.

ಅಂಗಡಿಯವರು ಗುಂಡು ವಾಪಸ್ ತಗೊಳ್ಳುವುದು ಅಪರೂಪ. ಕಂಪನಿಗೆ ಬರೆದರೆ ಕೇಳುವ ಮೊದಲ ಪ್ರಶ್ನೆ ಲಾಟ್ ನಂಬರ್. ಅದು ಡಬ್ಬದ ಮುಚ್ಚಳದ ಒಳಮಗ್ಗುಲಲ್ಲೋ ಬದಿಯಲ್ಲೋ ಸಣ್ಣದಾಗಿ ಒತ್ತಿರುತ್ತದೆ. ಗುಂಡನ್ನೆಲ್ಲ ಜಾಡಿಗೆ ಸುರಿದು ಡಬ್ಬ ಎಸೆದಿದ್ದರೆ ಏನೂ ಮಾಡಲು ಬರುವುದಿಲ್ಲ.